ಸ್ಪೋರ್ಟ್ಸ್ ಕಾರಿನ ಸೀಟಿಗೆ ಆರು ಲಕ್ಷ ಹೆಚ್ಚು ಕೊಡಬೇಕೇ?

ಸೆಕೆಂಡ್ ಹ್ಯಾಂಡ್ ಕಾರುಗಳನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸಿ ಕೊಡುವುದು ನನ್ನ ಕಸುಬು. ಈಚೆಗೆ ಬರುವ ಪತ್ರಗಳಲ್ಲಿ ಎಂಜಿನ್ ಬಗ್ಗೆ ಕೇಳುವವರಿಗಿಂತ ಸೀಟಿನ ಬಗ್ಗೆ ಕೇಳುವವರೇ ಹೆಚ್ಚು. ಅವರಲ್ಲಿ ಬಹುಪಾಲು ಮಂದಿ ಆ ಸೀಟಿನಲ್ಲಿ ಹತ್ತು ನಿಮಿಷ ಕುಳಿತೂ ನೋಡಿರುವುದಿಲ್ಲ. ಫೋಟೋಗೆ ಮನಸೋತು, ಮುಂಗಡ ಕೊಟ್ಟು, ಆಮೇಲೆ ನನ್ನನ್ನು ಕೇಳುತ್ತಾರೆ. ಆದ್ದರಿಂದ ಈ ಬಾರಿ ಒಂದು ಪತ್ರಕ್ಕೆ ವಿವರವಾಗಿಯೂ ಉಳಿದವಕ್ಕೆ ಅವುಗಳ ಯೋಗ್ಯತೆಗೆ ತಕ್ಕಷ್ಟೂ ಉತ್ತರಿಸಿದ್ದೇನೆ. ಆರ್‌ಸಿ, ವಿಮೆ, ಬ್ಯಾಂಕಿನ ಸಾಲ ಇವನ್ನು ನೋಡಿಕೊಳ್ಳಬೇಕೆಂದು ಇಲ್ಲಿ ಬರೆಯುವುದಿಲ್ಲ. ಅರವತ್ತು ಲಕ್ಷ ಎಣಿಸಲು ಹೊರಟವರಿಗೆ ಅದನ್ನೂ ಹೇಳಿಕೊಡಬೇಕಾದರೆ ಅವರು ಕಾರು ಕೊಳ್ಳದಿರುವುದೇ ಒಳ್ಳೆಯದು.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ದಂತವೈದ್ಯ. ವಯಸ್ಸು 46, ಎತ್ತರ ಐದು ಅಡಿ ಹನ್ನೊಂದು ಇಂಚು. ದಿನವಿಡೀ ಬಗ್ಗಿ ಕೆಲಸ ಮಾಡುವುದರಿಂದ ಸೊಂಟನೋವಿದೆ. 2018ರ ಎರಡು ಪೋರ್ಷೆ 718 ಕೇಮನ್ ಕಾರುಗಳನ್ನು ನೋಡಿದ್ದೇನೆ. ಒಂದು ಬೆಂಗಳೂರಿನದು, 24,000 ಕಿ.ಮೀ. ಓಡಿದೆ, ಬೆಲೆ 62 ಲಕ್ಷ. ಅದರ ಸೀಟಿನ ಬೆನ್ನು ಮತ್ತು ಎತ್ತರ ಮಾತ್ರ ಮೋಟಾರಿನಿಂದ ಬದಲಾಗುತ್ತವೆ, ಹಿಂದಕ್ಕೆ ಮುಂದಕ್ಕೆ ಕೈಯಿಂದಲೇ ಸರಿಸಬೇಕು. ಚರ್ಮಕ್ಕೆ ಈಚೆಗೆ ಪಾಲಿಶ್ ಮಾಡಿಸಿದ್ದಾಗಿ ಮಾಲೀಕರು ಹೇಳಿದರು. ಇನ್ನೊಂದು ಮುಂಬೈ ನೋಂದಣಿಯದು, 31,000 ಕಿ.ಮೀ., 68 ಲಕ್ಷ, 18 ಬಗೆಯಲ್ಲಿ ಹೊಂದಿಸಬಹುದಾದ ಸೀಟು. ಸೀಟಿಗಾಗಿ ಆರು ಲಕ್ಷ ಹೆಚ್ಚು ಕೊಡಬಹುದೇ? ಮೊದಲನೆಯದನ್ನೇ ಕೊಂಡು ಹೊರಗಡೆ ಬಕೆಟ್ ಸೀಟು ಹಾಕಿಸಿಕೊಳ್ಳಿ ಎನ್ನುತ್ತಾರೆ ಬ್ರೋಕರ್. ಆರು ವರ್ಷದ ಮಗಳನ್ನು ಒಮ್ಮೊಮ್ಮೆ ಪಕ್ಕದಲ್ಲಿ ಕೂರಿಸಿಕೊಳ್ಳುವುದಿರುತ್ತದೆ.

ಉತ್ತರ: ಡಾಕ್ಟರೇ, ಮೊದಲು ನಿಮ್ಮ ಲೆಕ್ಕವನ್ನು ತಿದ್ದಬೇಕು. ಆ ಸೀಟಿನ ಬೆಲೆ ಆರು ಲಕ್ಷವಲ್ಲ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ ಬೇರೆ. ಹೊರರಾಜ್ಯದ ಕಾರನ್ನು ಇಲ್ಲಿಗೆ ತಂದು ನೋಂದಾಯಿಸುವಾಗ ಕಾರಿನ ವಯಸ್ಸಿಗೆ ತಕ್ಕಂತೆ ರಿಯಾಯಿತಿ ಸಿಗುತ್ತದೆ, ನಿಜ. ಆದರೆ ಲೆಕ್ಕ ಶುರುವಾಗುವುದು ನೀವು ಕೊಡುವ 68 ಲಕ್ಷದಿಂದಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. 2017ರಲ್ಲಿ 718 ಕೇಮನ್ ನಮ್ಮ ದೇಶಕ್ಕೆ ಬಂದಾಗ ಷೋರೂಂ ಬೆಲೆಯೇ 80 ಲಕ್ಷ ದಾಟಿತ್ತು. ಅದರ ತೆರಿಗೆಯಲ್ಲಿ ಅರ್ಧ ಕಟ್ಟಬೇಕಾಗಿ ಬಂದರೂ ಏಳು ಲಕ್ಷ ಹೋಗುತ್ತದೆ. ಮಹಾರಾಷ್ಟ್ರದಲ್ಲಿ ಕಟ್ಟಿದ್ದನ್ನು ವಾಪಸು ಕೇಳಬಹುದು, ಕೇಳಿದವರು ಕಾಯುತ್ತಿದ್ದಾರೆ. ಹೀಗಾಗಿ ನೀವು ಸೀಟೆಂದು ತಿಳಿದು ಕೊಡಲಿರುವುದು ಹದಿಮೂರು ಲಕ್ಷ, ಅದೂ 7,000 ಕಿ.ಮೀ. ಹೆಚ್ಚು ಓಡಿದ ಕಾರಿಗೆ. ನಿಮ್ಮ ಆರ್‌ಟಿಒ ಕಚೇರಿಯಲ್ಲಿ ತೆರಿಗೆಯ ಮೊತ್ತವನ್ನು ಬರೆಸಿಕೊಳ್ಳದೆ ಮುಂಬೈಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಇನ್ನು ಸೀಟಿನ ವಿಚಾರ. ಈ ಕಾರಿಗೆ ಕಾರ್ಖಾನೆಯಿಂದ ಬರುತ್ತಿದ್ದ ಸೀಟುಗಳಲ್ಲಿ ನೀವು ಎರಡನ್ನು ಮಾತ್ರ ನೋಡಿದ್ದೀರಿ, ನಿಮಗೆ ಬೇಕಾದದ್ದು ಅವೆರಡರ ನಡುವೆ ಇದೆ. ಮೂಲ ಸೀಟು ದೃಢವಾದದ್ದೇ, ಆದರೆ ಸೊಂಟದ ಭಾಗವನ್ನು ಉಬ್ಬಿಸಲು ಅಥವಾ ತೊಡೆಯ ಕೆಳಗಿನ ಮೆತ್ತೆಯನ್ನು ಉದ್ದ ಮಾಡಲು ಅದರಲ್ಲಿ ಅವಕಾಶವಿಲ್ಲ. ಅದಕ್ಕಿಂತ ಮೇಲಿನದು 14 ಬಗೆಯ ವಿದ್ಯುತ್ ಸೀಟು. ಸೊಂಟದ ಆಧಾರ ನಾಲ್ಕು ದಿಕ್ಕಿಗೆ ಸರಿಯುತ್ತದೆ, ಮೆತ್ತೆ ಮುಂದಕ್ಕೆ ಚಾಚುತ್ತದೆ, ನಿಮ್ಮ ಭಂಗಿಯನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ. 18 ಬಗೆಯದ್ದು ಇದಕ್ಕೆ ಸೇರಿಸುವುದು ಒಂದನ್ನೇ: ಬೆನ್ನಿನ ಮತ್ತು ತೊಡೆಯ ಎರಡೂ ಪಕ್ಕದ ಉಬ್ಬುಗಳನ್ನು ಮೋಟಾರಿನಿಂದ ಬಿಗಿ ಅಥವಾ ಸಡಿಲ ಮಾಡುವ ಸೌಕರ್ಯ. ತಿರುವುಗಳಲ್ಲಿ ವೇಗವಾಗಿ ಹೋಗುವ ತೆಳ್ಳನೆಯವರಿಗೆ ಬಿಗಿ ಮಾಡಿಕೊಳ್ಳಲು, ದಪ್ಪನೆಯವರಿಗೆ ಸಡಿಲ ಮಾಡಿಕೊಳ್ಳಲು ಅದು ನೆರವಾಗುತ್ತದೆ. ಸೊಂಟನೋವಿಗೆ ಅದರಿಂದ ಏನೂ ಇಲ್ಲ. ನಿಮ್ಮ ಸೊಂಟ ಮತ್ತು ಉದ್ದ ಕಾಲುಗಳು ಕೇಳುತ್ತಿರುವುದು 14 ಬಗೆಯದ್ದರಲ್ಲೇ ಮುಗಿಯುತ್ತದೆ. ಮಾರುವವರು ನಿಮಗೆ 18 ಎಂಬ ಅಂಕಿಯನ್ನು ಮಾರುತ್ತಿದ್ದಾರೆ.

ಇನ್ನೊಂದು ಫುಲ್ ಬಕೆಟ್, ಅಂದರೆ ಕಾರ್ಬನ್ ಚಿಪ್ಪಿನ ಸೀಟು. ಅದರ ಬೆನ್ನಿನ ಕೋನ ಕಾರ್ಖಾನೆಯಲ್ಲಿ ನಿಗದಿಯಾದದ್ದು, ಹಿಂದಕ್ಕೆ ವಾಲಿಸಲು ಬರುವುದಿಲ್ಲ. ಒಳಗಿನಿಂದ ಗಾಳಿಯಾಡುವ ವ್ಯವಸ್ಥೆಯಿಲ್ಲ. ಮಗುವಿನ ಸೀಟನ್ನು ಅದರ ಮೇಲೆ ಕೂರಿಸಲು ಪೋರ್ಷೆ ಒಪ್ಪುವುದಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪಕ್ಕದ ಕಾರಿನಿಂದಾಗಿ ಬಾಗಿಲು ಅರ್ಧವೇ ತೆರೆದಾಗ ಆ ಎತ್ತರದ ಅಂಚನ್ನು ದಾಟಿ ಸೀರೆಯಲ್ಲಿ ಇಳಿಯುವುದು ಹೇಗೆಂದು ಮನೆಯವರನ್ನು ಒಮ್ಮೆ ಕೇಳಿ ನೋಡಿ. 2014ರಲ್ಲಿ ನಾನೇ ಇಂಥ ಸೀಟಿನ ಕಾರು ಕೊಂಡಿದ್ದೆ. ಚಿಕ್ಕಮಗಳೂರಿಗೆ ಹೊರಟವನು ಹಾಸನ ಬರುವಷ್ಟರಲ್ಲಿ ಎರಡು ಸಲ ಇಳಿದು ರಸ್ತೆ ಬದಿಯಲ್ಲಿ ಬೆನ್ನು ನೀವಿಕೊಂಡೆ. ವರ್ಷ ತುಂಬುವ ಮೊದಲೇ ಎರಡು ಲಕ್ಷ ಕಳೆದುಕೊಂಡು ಅದನ್ನು ಮಾರಿದೆ. ನನ್ನ ಸಲಹೆಯಲ್ಲಿ ಆ ಬೆನ್ನಿನ ಪಾಲೂ ಇದೆ ಎಂದುಕೊಂಡೇ ಓದಿ.

ಬ್ರೋಕರ್ ಹೇಳಿದ ಮಾತಿಗೆ ಬರೋಣ, ಏಕೆಂದರೆ ತಿಂಗಳಿಗೊಮ್ಮೆಯಾದರೂ ಇದನ್ನು ಕೇಳಿ ನನಗೆ ರೋಸಿಹೋಗಿದೆ. ಈ ಕಾರಿನಲ್ಲಿ ಎದೆಯನ್ನು ಕಾಯುವ ಪಕ್ಕದ ಏರ್‌ಬ್ಯಾಗ್ ಇರುವುದು ಸೀಟಿನ ಹೊರ ಉಬ್ಬಿನೊಳಗೆ. ಸೀಟು ಬಿಚ್ಚಿದರೆ ಆ ಏರ್‌ಬ್ಯಾಗೂ ಹೋಯಿತು. ಆಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ಅದನ್ನು ಆರಿಸಲು ಸೀಟಿನಡಿಯ ಹಳದಿ ಕನೆಕ್ಟರಿಗೆ ಹತ್ತಿಪ್ಪತ್ತು ರೂಪಾಯಿಯ ಒಂದು ರೆಸಿಸ್ಟರ್ ಸಿಕ್ಕಿಸಿ, ಎಲ್ಲವೂ ಸರಿಯಿದೆ ಎಂದು ಕಾರಿನ ಕಂಪ್ಯೂಟರಿಗೆ ಸುಳ್ಳು ಹೇಳಿಸುತ್ತಾರೆ. ಇದನ್ನು ಕೆಲಸವೆನ್ನುವವರು ಮೆಕ್ಯಾನಿಕ್‌ಗಳಲ್ಲ. ಕಾನೂನಿನಲ್ಲೂ ಇದಕ್ಕೆ ಜಾಗವಿಲ್ಲ: ತಯಾರಕರ ಮೂಲ ನಿರ್ದೇಶನಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ. ಕಾರ್ಖಾನೆಯದೇ 14 ಬಗೆಯ ಸೀಟನ್ನು ಆಮೇಲೆ ಕೂರಿಸುತ್ತೇನೆ ಎನ್ನುವವರನ್ನೂ ನಂಬಬೇಡಿ; ಅದರ ಮೆಮೊರಿಗೆ ಸ್ಟೀರಿಂಗ್ ಕಂಬ ಮತ್ತು ಹೊರಗಿನ ಕನ್ನಡಿಗಳೂ ಜೋಡಿಯಾಗಿವೆ, ವೈರಿಂಗ್ ಬೇರೆ, ಕಂಪ್ಯೂಟರ್ ಕೋಡಿಂಗ್ ಬೇರೆ. ಚಕ್ರವನ್ನೋ ಸ್ಟೀರಿಯೋವನ್ನೋ ಕೊಂಡ ಮೇಲೆ ಬದಲಿಸಿಕೊಳ್ಳಬಹುದು, ಸೀಟು ಮಾತ್ರ ಕಾರಿನೊಂದಿಗೇ ಬರಬೇಕು.

ಬೆಂಗಳೂರಿನ ಕಾರಿನ ಪಾಲಿಶ್ ಮಾಡಿದ ಸೀಟು ನನ್ನಲ್ಲಿ ಅನುಮಾನ ಹುಟ್ಟಿಸುತ್ತದೆ. ಬಲಗಡೆಯಿಂದ ಹತ್ತಿ ಇಳಿಯುವ ನಮ್ಮಲ್ಲಿ ಚಾಲಕನ ಸೀಟಿನ ಬಲ ಉಬ್ಬು ಮೊದಲು ಸವೆಯುತ್ತದೆ. 24,000 ಕಿ.ಮೀ.ಗೆ ಅಲ್ಲಿ ಸಣ್ಣ ಸುಕ್ಕುಗಳಿರಬೇಕು, ಒಳಗಿನ ಫೋಮ್ ಕುಸಿದಿರಬಾರದು. ಹೆಬ್ಬೆರಳಿನಿಂದ ಒತ್ತಿ ಬಿಡಿ. ಕೂಡಲೇ ಮೇಲೆದ್ದು ಬರಬೇಕು. ಆಮೇಲೆ ಹೊಲಿಗೆಯ ದಾರವನ್ನು ನೋಡಿ. ದಾರವೂ ಚರ್ಮದ ಬಣ್ಣಕ್ಕೇ ತಿರುಗಿದ್ದರೆ ಅದು ಪಾಲಿಶ್ ಅಲ್ಲ, ಬಣ್ಣ ಬಳಿದದ್ದು. ಬಣ್ಣ ಬಳಿದವರು ಏನನ್ನೋ ಮುಚ್ಚಿದ್ದಾರೆ, ಬಹುಶಃ ಮೀಟರಿನಲ್ಲಿ ತೋರದ ಕಿಲೋಮೀಟರುಗಳನ್ನು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅದರ ಚೀಟಿಯಲ್ಲಿರುವ ತಯಾರಿಕೆಯ ದಿನಾಂಕ ಓದಿ. ಕಾರಿಗಿಂತ ಬೆಲ್ಟ್ ಎರಡು ವರ್ಷ ಚಿಕ್ಕದಾಗಿದ್ದರೆ ಅದು ಯಾಕೆ ಬದಲಾಯಿತೆಂದು ಮಾಲೀಕರೇ ಹೇಳಲಿ.

ಕೊನೆಗೆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಟಾರ್ಚ್ ಹಿಡಿದು ಅದರ ಹಳಿ ಮತ್ತು ಬೋಲ್ಟುಗಳನ್ನು ನೋಡಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಿಗೆ ನೀರು ನುಗ್ಗಿ ದುಬಾರಿ ಕಾರುಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಈ ಕಾರು ಆಗ ಊರಿನಲ್ಲೇ ಇತ್ತೇ, ಇದ್ದರೆ ಎಲ್ಲಿ ನಿಂತಿತ್ತು ಎಂಬುದನ್ನು ಮಾಲೀಕರು ಮರೆಯಬಹುದು, ಹಳಿಯ ಮೇಲಿನ ತುಕ್ಕು ಮರೆಯುವುದಿಲ್ಲ. ಹೊಸದಾಗಿ ಹೊಳೆಯುವ ಬೋಲ್ಟು ಕಂಡರೆ ತುಕ್ಕಿಗಿಂತಲೂ ಹೆಚ್ಚು ಚಿಂತಿಸಿ.

ಎರಡರಲ್ಲಿ ಯಾವುದನ್ನು ಕೊಂಡರೂ ಮೊದಲು ನಲವತ್ತು ನಿಮಿಷ ಓಡಿಸಿ. ಹಿಂಜೇಬಿನ ಪರ್ಸ್ ತೆಗೆದಿಡಿ. ಬೆನ್ನು ಸೀಟಿಗೆ ಅಂಟಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲಂಚನ್ನು ಮುಟ್ಟಬೇಕು. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಿಚಿರಬೇಕು. ಖಾಲಿ ಹೆದ್ದಾರಿಯಲ್ಲಿ ಎಲ್ಲ ಸೀಟುಗಳೂ ಚೆನ್ನಾಗಿಯೇ ಇರುತ್ತವೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ನಿಂತಾಗ ನಿಜ ಗೊತ್ತಾಗುತ್ತದೆ. ವಿದ್ಯುತ್ ಸೀಟಾದರೆ ಪ್ರತಿಯೊಂದು ಗುಂಡಿಯನ್ನೂ ಎರಡೂ ದಿಕ್ಕಿಗೆ ಕೊನೆಯವರೆಗೆ ಒತ್ತಿ, ಕಿವಿಗೊಡಿ. ಮೋಟಾರು ಕೂಗಿಯೂ ಸೀಟು ಕದಲದಿದ್ದರೆ ಒಳಗಿನ ಗಿಯರಿನ ಹಲ್ಲೋ ಕೇಬಲ್ಲೋ ಹೋಗಿದೆ. ಕಾರು ಕಾರ್ಖಾನೆಯಿಂದ ಯಾವ ಸೀಟಿನೊಂದಿಗೆ ಬಂದಿತ್ತೆಂಬುದನ್ನು ಷಾಸಿ ನಂಬರ್ ಕೊಟ್ಟು ಅಧಿಕೃತ ಡೀಲರಲ್ಲಿ ತಿಳಿಯಬಹುದು, ಮಾರುವವರ ಮಾತನ್ನು ನೆಚ್ಚಬೇಕಾಗಿಲ್ಲ.

ನನ್ನ ತೀರ್ಮಾನವಿಷ್ಟು: ಮುಂಬೈ ಕಾರನ್ನು ಬಿಡಿ. ಬೆಂಗಳೂರಿನ ಕಾರಿನ ಹಳಿ, ಬೆಲ್ಟು, ದಾರ ಮೂರೂ ಶುದ್ಧವಾಗಿದ್ದು, ನಲವತ್ತು ನಿಮಿಷದ ಬಳಿಕ ನಿಮ್ಮ ಸೊಂಟ ದೂರದಿದ್ದರೆ ಬೆಲೆ ಇಳಿಸಿ ಕೊಳ್ಳಿ. ದೂರಿದರೆ ಕರ್ನಾಟಕ ನೋಂದಣಿಯ, 14 ಬಗೆಯ ಸೀಟಿನ ಕಾರು ಸಿಗುವವರೆಗೆ ಕಾಯಿರಿ. ಉಳಿದೆಲ್ಲ ಸಮವಾಗಿದ್ದರೆ ಆ ಸೀಟಿಗೆ ನಾನು ಎರಡು ಲಕ್ಷದವರೆಗೆ ಹೆಚ್ಚು ಕೊಟ್ಟೇನು. 18 ಬಗೆಯದ್ದಕ್ಕೆ ಇನ್ನೊಂದು ಲಕ್ಷ, ಅದೂ ಒಲ್ಲದ ಮನಸ್ಸಿನಿಂದ. ಹೊಸದರಲ್ಲಿ ಆ ಆಯ್ಕೆಗೆ ಮಾಲೀಕರು ಆಮದು ಸುಂಕವನ್ನೂ ಸೇರಿಸಿ ದೊಡ್ಡ ಮೊತ್ತ ತೆತ್ತಿರುತ್ತಾರೆ, ಅದನ್ನು ನಿಮ್ಮಿಂದ ವಸೂಲು ಮಾಡಲು ನೋಡುತ್ತಾರೆ. ನಾಳೆ ನೀವು ಮಾರುವಾಗ ಅದಕ್ಕೆ ಯಾರೂ ಪ್ರತ್ಯೇಕವಾಗಿ ಹಣ ಕೊಡುವುದಿಲ್ಲ.

ಪ್ರಶ್ನೆ: ನನ್ನದು ಮಂಗಳೂರು. ಮಳೆಗಾಲದಲ್ಲಿ ನನ್ನ ಪೋರ್ಷೆ ಬಾಕ್ಸ್‌ಸ್ಟರ್ ಕಾರಿನ ಚರ್ಮದ ಸೀಟಿಗೆ ಬೂಷ್ಟು ಹಿಡಿಯುತ್ತದೆ. ತೆಂಗಿನೆಣ್ಣೆ ಹಚ್ಚಿದರೆ ಸರಿಹೋಗುವುದೇ?

ಉತ್ತರ: ತೆಂಗಿನೆಣ್ಣೆ ತಲೆಗೆ ಮತ್ತು ಅಡುಗೆಗೆ. ಕಾರಿನ ಚರ್ಮದ ಮೇಲೆ ಬಣ್ಣದ ಲೇಪ ಇರುವುದರಿಂದ ಎಣ್ಣೆ ಒಳಗಿಳಿಯದೆ ಮೇಲೆಯೇ ಉಳಿದು ಧೂಳು ಹಿಡಿಯುತ್ತದೆ, ಗಾಳಿಯಾಡುವ ಸೀಟಾದರೆ ರಂಧ್ರಗಳನ್ನೂ ಮುಚ್ಚುತ್ತದೆ, ಕೊನೆಗೆ ಕಮಟು ವಾಸನೆ. ಒದ್ದೆ ಬಟ್ಟೆಯಿಂದ ಬೂಷ್ಟು ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ, ವಾರಕ್ಕೆರಡು ಸಲ ಎ.ಸಿ. ಹಾಕಿಕೊಂಡು ಕಾರನ್ನು ಅರ್ಧ ಗಂಟೆ ಓಡಿಸಿ. ಅದಕ್ಕಿಂತ ಮೊದಲು ಮಡಚುವ ಚಾವಣಿಯ ನೀರು ಹರಿಯುವ ಕೊಳವೆಗಳಲ್ಲಿ ಎಲೆ ತುಂಬಿದೆಯೇ ನೋಡಿಸಿ. ತೇವ ಬರುತ್ತಿರುವುದು ಅಲ್ಲಿಂದಿರಬಹುದು.

ಪ್ರಶ್ನೆ: 2007ರ ಬಾಕ್ಸ್‌ಸ್ಟರ್ ಅಗ್ಗಕ್ಕೆ ಸಿಗುತ್ತಿದೆ. ಐಎಂಎಸ್ ಬೇರಿಂಗ್, ಅಂದರೆ ಎಂಜಿನ್ನಿನೊಳಗಿನ ಮಧ್ಯಂತರ ಶಾಫ್ಟಿನ ಬೇರಿಂಗ್, ಬದಲಿಸಿದ್ದೇವೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಆ ವರ್ಷದ ಎಂಜಿನ್ನಿನಲ್ಲಿ ಆ ಬೇರಿಂಗ್ ಹೊರತೆಗೆಯಬೇಕಾದರೆ ಎಂಜಿನ್ನನ್ನೇ ಎರಡು ಭಾಗ ಮಾಡಬೇಕು. ಹಾಗೆ ಮಾಡಿದ ಬಿಲ್ಲು ತೋರಿಸಲಿ. ಇಲ್ಲದಿದ್ದರೆ 2009ರ ಅಥವಾ ಅನಂತರದ ಕಾರು ನೋಡಿ, ಅದರಲ್ಲಿ ಆ ಶಾಫ್ಟೇ ಇಲ್ಲ.

ಪ್ರಶ್ನೆ: ಜೆ.ಸಿ. ರಸ್ತೆಯಲ್ಲಿ ಒಳ್ಳೆಯ ಸೀಟ್ ಕವರ್ ಸಿಗುತ್ತದೆ. ಸ್ಪೋರ್ಟ್ಸ್ ಕಾರಿನ ಮೂಲ ಸೀಟಿಗೆ ಹೊಲಿಸಿ ಹಾಕಿಸಿದರೆ ಮಾರುವಾಗ ಹೊಸದಾಗಿಯೇ ಇರುತ್ತದಲ್ಲವೇ?

ಉತ್ತರ: ಪಕ್ಕದ ಏರ್‌ಬ್ಯಾಗ್ ಸೀಟಿನೊಳಗಿದೆ ಎಂದು ಮೇಲೆಯೇ ಬರೆದೆ, ಅದು ಸೀಟಿನ ಹೊಲಿಗೆಯನ್ನು ಹರಿದುಕೊಂಡೇ ಹೊರಬರಬೇಕು. ಅದರ ಮೇಲೆ ಇನ್ನೊಂದು ಹೊಲಿಗೆ ಹಾಕಬೇಡಿ.

ಪ್ರಶ್ನೆ: ಬಕೆಟ್ ಸೀಟು ಹಾಕಿದರೆ ಮೈಲೇಜು ಹೆಚ್ಚುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಸ್ಪೋರ್ಟ್ಸ್ ಕಾರು ನೋಡಲು ಹೋಗುವಾಗ ರಾಹುಕಾಲ ತಪ್ಪಿಸಬೇಕೇ? ಮಾರುವವರು ಸಂಜೆ ಏಳರ ನಂತರವೇ ಬನ್ನಿ ಎನ್ನುತ್ತಾರೆ.

ಉತ್ತರ: ರಾಹುಕಾಲವನ್ನು ನಿಮ್ಮ ಪುರೋಹಿತರಲ್ಲಿ ಕೇಳಿ. ಸಂಜೆ ಏಳನ್ನು ಮಾತ್ರ ಖಂಡಿತ ತಪ್ಪಿಸಿ; ಬಣ್ಣ ಬಳಿದ ಚರ್ಮ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಬೆಳಗ್ಗೆ ಹನ್ನೊಂದರ ಬಿಸಿಲಿನಲ್ಲಿ ಸಿಕ್ಕಿಬೀಳುತ್ತದೆ.