ಈಜು ಸ್ಪರ್ಧೆಯಲ್ಲಿ 15 ಮೀಟರ್ ಆದಮೇಲೆ ನೀರಿನಡಿ ಈಜಬಾರದು ಅನ್ನುವ ನಿಯಮ ಯಾಕೆ?

ನೀರಿನಡಿ ವೇಗ ಹೆಚ್ಚು ಸಿಗುತ್ತದೆ, ಅದಕ್ಕೇ. ಮೇಲ್ಮೈಯಲ್ಲಿ ಈಜುವಾಗ ಮೈ ಅಲೆ ಎಬ್ಬಿಸುತ್ತಾ ಸಾಗುತ್ತದೆ. ಆ ಅಲೆಗೆ ಬೇಕಾದ ಶಕ್ತಿ ಹೋಗುವುದು ಈಜುಗಾರನ ಸ್ನಾಯುಗಳಿಂದಲೇ. ವೇಗ ಏರಿದಂತೆ ಈ ನಷ್ಟವೂ ವಿಪರೀತ ಏರುತ್ತದೆ. ಅರ್ಧ-ಮುಕ್ಕಾಲು ಮೀಟರ್ ಆಳಕ್ಕಿಳಿದರೆ ಅಲೆಯ ತಡೆ ಬಹುಪಾಲು ಮಾಯ. ತೋಳು ಚಾಚಿ ಮೈ ನೇರ ಇಟ್ಟರೆ ಉಳಿದ ತಡೆಯೂ ತಗ್ಗುತ್ತದೆ. ಡಾಲ್ಫಿನ್ ಕಿಕ್‌ನಲ್ಲಿ (ಎರಡೂ ಕಾಲು ಜೋಡಿಸಿ ಡಾಲ್ಫಿನ್‌ನಂತೆ ಬಡಿಯುವುದು) ಸೊಂಟದ ಬಳುಕು ಪಾದಕ್ಕೆ ಬಂದು ನೀರನ್ನು ಹಿಂದಕ್ಕೆ ತಳ್ಳುತ್ತದೆ, ನೀರು ನಮ್ಮನ್ನು ಮುಂದಕ್ಕೆ. ನ್ಯೂಟನ್ನನ ಮೂರನೇ ನಿಯಮ, ಅಷ್ಟೇ.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ (ಅಂಗಾತ ಮಲಗಿ ಈಜುವುದು) ಹೀಟ್ಸ್‌ನಲ್ಲಿ, ಅಂದರೆ ಪ್ರಾಥಮಿಕ ಸುತ್ತಿನಲ್ಲಿ, ಹೀಗೆಯೇ ವಿಶ್ವದಾಖಲೆ ಮಾಡಿದರು. ಫೈನಲ್ ಗೆದ್ದದ್ದು ಜಪಾನಿನ ದಾಯಿಚಿ ಸುಜುಕಿ (ಅವರದೂ ಅದೇ ತಂತ್ರ!). ಬ್ಯಾಕ್‌ಸ್ಟ್ರೋಕ್ ಸ್ಪರ್ಧೆ ಕಣ್ಣಿಗೇ ಕಾಣದಂತಾಯಿತು. ಮಿತಿ ಬಂದದ್ದು ಆಮೇಲೆ.