ಚೆನ್ನಾಗಿರೋ ದಿನವೇ ಕೂರಬೇಕು

ಮೈಯೆಲ್ಲ ನೋವು, ಎಷ್ಟು ಮಲಗಿದರೂ ಇಳಿಯದ ಆಯಾಸ, ಮಾತಾಡುವಾಗ ಬಾಯಿಗೆ ಪದವೇ ಬಾರದ ಮಂಕು. ಫೈಬ್ರೊಮಯಾಲ್ಜಿಯಾ ಎಂದು ಬರೆದ ಚೀಟಿ ಹಿಡಿದು ದಾವಣಗೆರೆಯಲ್ಲಿ ನನ್ನ ಬಳಿ ಬರುವವರು ಹೆಚ್ಚಾಗಿ ಒಂದೇ ಗುಂಡಿಗೆ ಬಿದ್ದಿರುತ್ತಾರೆ. ಅದಕ್ಕೇ ಈ ಪ್ರಕರಣ. ಗುರುತು ಸಿಗುವ ವಿವರ ಬದಲಿಸಿದ್ದೇನೆ.

ನಲವತ್ತು ದಾಟಿದ ಹೆಣ್ಣುಮಗಳು, ಜೋಳದ ರೊಟ್ಟಿ ತಟ್ಟಿ ಖಾನಾವಳಿಗೆ ಕೊಡುತ್ತಾರೆ. ರಕ್ತಪರೀಕ್ಷೆಯಲ್ಲಿ ಇಎಸ್‌ಆರ್ (ಉರಿಯೂತದ ಸುಳಿವು), ಥೈರಾಯ್ಡ್, ಆರ್‌ಎ ಫ್ಯಾಕ್ಟರ್ (ಸಂಧಿವಾತದ ಸುಳಿವು) ಎಲ್ಲ ನಾರ್ಮಲ್. "ನಾರ್ಮಲ್ ಅಂದ್ರೆ ಏನೂ ಇಲ್ಲ ಅಂತ ತಾನೆ?" ಎಂದರು ಗಂಡ. ಅಲ್ಲ. ಬೇರೆ ಕಾಯಿಲೆ ಕಾಣಲಿಲ್ಲ ಎಂದಷ್ಟೇ ಅದರ ಅರ್ಥ. ಇಲ್ಲಿ ಕೆಟ್ಟಿರುವುದು ಕೀಲಲ್ಲ, ನರವ್ಯೂಹ ನೋವನ್ನು ಅಳೆಯುವ ರೀತಿ. ಜಾತ್ರೆಯ ಮೈಕ್ ಸೆಟ್ಟಿನಲ್ಲಿ ಪಿಸುಗುಟ್ಟಿದರೂ ಊರಿಗೆಲ್ಲ ಕೇಳುವ ಹಾಗೆ.

ಮೂರನೇ ಭೇಟಿಯಲ್ಲಿ ನಿಜವಾದ ವಿಷಯ ಹೊರಬಿತ್ತು. ದುಗ್ಗಮ್ಮನ ಜಾತ್ರೆಗೆ ಬಂದ ನೆಂಟರಿಗೆಲ್ಲ ಅಡುಗೆ ಮಾಡಿ, ಆಮೇಲೆ ವಾರವಿಡೀ ಹಾಸಿಗೆ ಹಿಡಿದಿದ್ದರು. ನಡುವೆ ಕೂತುಕೊಳ್ಳಬಹುದಿತ್ತಲ್ಲ ಎಂದು ಕೇಳಿದೆ. "ಚೆನ್ನಾಗಿರೋ ದಿನ ಕುಂತ್ಕಂಡ್ರೆ, ನೋವಿನ ದಿನ ಮಲಗಿದ್ದು ನಾಟ್ಕ ಅಂತಾರೆ ಮೇಡಂ."

ಆ ಮಾತು ಕೇಳಿದ ಮೇಲೆ ಅರಿಶಿನದ ಹಾಲಿನಂಥ ಮನೆಮದ್ದಿನ ವಿಚಾರ ಪಕ್ಕಕ್ಕಿಟ್ಟೆ. ಆಕೆ ದುಡಿಯುತ್ತಿದ್ದದ್ದು ರೊಟ್ಟಿಗಲ್ಲ, ನಾಟಕವಲ್ಲ ಎಂಬ ಸಾಕ್ಷಿಗೆ. ನೋವು ಕಡಿಮೆ ಇದ್ದ ದಿನ ಮೂರು ದಿನದ ಕೆಲಸ, ಮರುದಿನದಿಂದ ಮೂರು ದಿನ ಮಲಗುವುದು. ಹೀಗೇ ತಿಂಗಳುಗಟ್ಟಲೆ ನಡೆದರೆ ಮೈಯ ತಾಳಿಕೆ ಇಳಿಯುತ್ತಲೇ ಹೋಗುತ್ತದೆ.

ಕೊಟ್ಟ ಸಲಹೆ ಇದು. ನೋವಿನ ದಿನ ಎಷ್ಟು ಹೊತ್ತು ತಟ್ಟಿದರೆ ನೋವು ಏರುತ್ತದೆ ಎಂದು ಒಂದು ವಾರ ಗಡಿಯಾರ ನೋಡಿ ಬರೆದಿಡುವುದು. 20 ನಿಮಿಷ ಬಂತು. ಅದರಲ್ಲಿ ಮುಕ್ಕಾಲು, ಅಂದರೆ 15 ನಿಮಿಷ ಕೆಲಸ, 5 ನಿಮಿಷ ಬಿಡುವು. ಚೆನ್ನಾಗಿರುವ ದಿನವೂ 15 ನಿಮಿಷವೇ. ತಪ್ಪುವುದು ಇಲ್ಲೇ: ನೋವಿಲ್ಲವೆಂದು ಮುಂದುವರಿಸಿದರೆ ಲೆಕ್ಕ ಕೆಡುತ್ತದೆ. ನೆಲದಲ್ಲಿ ಕುಕ್ಕರುಗಾಲಲ್ಲಿ ಕೂರುವ ಬದಲು ಸೊಂಟದೆತ್ತರದ ಕಟ್ಟೆ. ನಡಿಗೆ ದಿನಕ್ಕೆ ಎರಡು ಸಲ, 5 ನಿಮಿಷದಿಂದ ಶುರು, ವಾರಕ್ಕೆ ಒಂದೇ ನಿಮಿಷ ಹೆಚ್ಚಳ. ಈ ಕಾಯಿಲೆಗೆ ಅತಿ ಗಟ್ಟಿ ಆಧಾರವಿರುವ ಉಪಾಯ ವ್ಯಾಯಾಮವೇ ಎಂದು 2016ರ ಯುರೋಪಿನ ವೈದ್ಯರ ಮಾರ್ಗಸೂಚಿಯೂ ಹೇಳುತ್ತದೆ.

ಬಿಸಿನೀರಿನ ಚೀಲ ಒಳ್ಳೆಯದು. ಕುದಿಯುವ ನೀರು ಬೇಡ, ಟವೆಲ್ ಸುತ್ತಿ 15 ನಿಮಿಷ ಸಾಕು, ಇಟ್ಟುಕೊಂಡು ನಿದ್ದೆ ಹೋಗಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರು ಅಲ್ಲಿ ಇಡಲೇಬಾರದು. ಎಳ್ಳೆಣ್ಣೆ ಹಚ್ಚಿ ಹಗುರವಾಗಿ ಸವರಬಹುದು. ಒತ್ತಿ ತಿಕ್ಕಿಸಿಕೊಂಡವರು ಮಾರನೇ ದಿನ ಅಳುತ್ತಾ ಬರುತ್ತಾರೆ. ಮಧ್ಯಾಹ್ನ 2ರ ನಂತರ ಚಹಾ ಬೇಡ. ಎಷ್ಟೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಅರಿಶಿನದ ಹಾಲು ಕುಡಿಯಲಿ, ಕಾಯಿಲೆ ಹೋಗುತ್ತದೆಂದು ಮಾತ್ರ ನಂಬಬೇಡಿ. ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ, ದಿನಾ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಹಾಳಾಗಬಹುದು. ವೈದ್ಯರು ರಾತ್ರಿಗೆ ಕೊಟ್ಟ ಮಾತ್ರೆಯನ್ನು ತಾನಾಗಿ ನಿಲ್ಲಿಸಲೂಬಾರದು. ಕೀಲು ಊದಿಕೊಂಡರೆ, ಜ್ವರ ಬಂದರೆ, ತೂಕ ಇಳಿದರೆ, ಕೈಕಾಲಿನ ಶಕ್ತಿ ಕುಂದಿದರೆ ಅದನ್ನು ಈ ಕಾಯಿಲೆಯ ಲೆಕ್ಕಕ್ಕೆ ಹಾಕದೆ ವೈದ್ಯರಿಗೆ ತೋರಿಸಿ. ಬದುಕೇ ಬೇಡ ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಆಕೆ ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೆ ಅಲಾರಂ ಇಡಿಸಿದ್ದು ಗಂಡನ ಮೊಬೈಲಿನಲ್ಲಿ. ಅದು ಹೊಡೆದಾಗ "ಸಾಕು, ಕೂತ್ಕೋ" ಎನ್ನಬೇಕಾದವರು ಅವರು. ಹೆಂಡತಿ ಕೂರಲಿಕ್ಕೂ ಗಂಡನ ಅಪ್ಪಣೆಯೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಸರಿಯೇ. ಆದರೆ ಆ ಮನೆಯಲ್ಲಿ ಕೊರತೆಯಿದ್ದದ್ದು ನಂಬಿಕೆಗೆ. ಅತ್ತೆಯ ಎದುರೇ ಗಂಡ ಕೂರಿಸಿದರೆ ನಾಟಕ ಎನ್ನುವವರ ಬಾಯಿ ಕಟ್ಟುತ್ತದೆ ಎಂದು ಲೆಕ್ಕ ಹಾಕಿದೆ. ಮೂರು ತಿಂಗಳಾದ ಮೇಲೆ ಅಲಾರಂ ಆಕೆಯ ಮೊಬೈಲಿಗೆ ಬಂತು. ನೋವು ಹೋಗಿಲ್ಲ. ಮೊದಲು ಒಂದೇ ದಿನ 100 ರೊಟ್ಟಿ ತಟ್ಟಿ ಮಲಗುತ್ತಿದ್ದವರು ಈಗ ದಿನಾ 40 ತಟ್ಟುತ್ತಾರೆ, ಖಾನಾವಳಿಯವರಿಗೂ ಅಷ್ಟೇ ಎಂದು ಹೇಳಿದ್ದಾರೆ.