ಹಿಮಗಾಳಿಯ ಶುಕ್ರವಾರ ನ್ಯೂಯಾರ್ಕಿಗೆ ಕಾರಿನಲ್ಲಿ ಹೋಗಬಹುದೇ ಎಂದು ಕೇಳಿದವರಿಗೆ

ನಮಸ್ಕಾರ. ಆಗಸ್ಟಿನಲ್ಲಿ ಅಮೆರಿಕದ ಬಫಲೋಗೆ ಬಂದು ಊರಿನ ಉತ್ತರಕ್ಕಿರುವ ಆಮ್‌ಹರ್ಸ್ಟಿನಲ್ಲಿ ಮನೆ ಬಾಡಿಗೆಗೆ ಹಿಡಿದಿರುವುದಾಗಿಯೂ, ಪತ್ನಿಗೆ ಜನವರಿಯಲ್ಲಿ ಹೆರಿಗೆಯೆಂದೂ, ಬಾಣಂತನಕ್ಕೆಂದು ಶಿವಮೊಗ್ಗದಿಂದ ಹೊರಟಿರುವ ಅತ್ತೆ ಮಾವ ಇದೇ ಶುಕ್ರವಾರ ನ್ಯೂಯಾರ್ಕಿನಲ್ಲಿ ಇಳಿಯುತ್ತಾರೆಂದೂ ಬರೆದಿದ್ದೀರಿ. ಗುರುವಾರ ರಾತ್ರಿಯಿಂದ ದೊಡ್ಡ ಹಿಮಗಾಳಿ ಎಂದು ಎಲ್ಲರೂ ಹೇಳುತ್ತಿರುವುದರಿಂದ ನಿಮ್ಮ ಪ್ರಶ್ನೆಗಳು ಮೂರು: ಮನೆಯಲ್ಲಿ ಎಷ್ಟು ದಿನದ ಸಾಮಾನು ಇಟ್ಟುಕೊಳ್ಳಬೇಕು, ಕರೆಂಟು ಹೋದರೆ ಏನು ಮಾಡಬೇಕು, ಮತ್ತು ಬಫಲೋಗೆ ಬರುವ ವಿಮಾನ ರದ್ದಾದರೆ ನೀವೇ ಕಾರಿನಲ್ಲಿ ನ್ಯೂಯಾರ್ಕಿಗೆ ಹೋಗಿ ಅವರನ್ನು ಕರೆತರಬಹುದೇ. ಮೊದಲ ಎರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಉತ್ತರ ‘ಬೇಡ’ ಎಂಬ ಒಂದೇ ಮಾತು, ಆದರೆ ಅದನ್ನು ಹಾಗೆ ಒಂದೇ ಮಾತಿನಲ್ಲಿ ಹೇಳಿದರೆ ನೀವು ಕೇಳುವುದಿಲ್ಲ ಎಂಬುದು ನನಗೆ ಗೊತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ಸಾಗರದವನು, ಇಲ್ಲಿಗೆ ಬಂದದ್ದು 2000ದಲ್ಲಿ. ಬಂದ ವರ್ಷವೇ, ನವೆಂಬರ್ 20ರ ಸೋಮವಾರ, ಬೆಳಿಗ್ಗೆ ಎಲ್ಲರೂ ಎಂದಿನಂತೆ ಕೆಲಸಕ್ಕೆ ಹೋಗಿದ್ದಾಗ ಹಿಮ ಸುರಿಯಲಾರಂಭಿಸಿತು. ಊರಿನ ಕಚೇರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಜನರನ್ನು ಮನೆಗೆ ಬಿಟ್ಟವು. ರಸ್ತೆಗಳು ಕಾರುಗಳಿಂದ ತುಂಬಿ, ಹಿಮ ತಳ್ಳುವ ಟ್ರಕ್ಕುಗಳಿಗೇ ದಾರಿಯಿಲ್ಲದೆ, ಎರಡು ಅಡಿ ಹಿಮದಲ್ಲಿ ಇಡೀ ಪಟ್ಟಣ ನಿಂತುಹೋಯಿತು. ಶಾಲಾ ಬಸ್ಸುಗಳಲ್ಲಿ ಮಕ್ಕಳು ರಾತ್ರಿ ಕಳೆದರು. ನಾನು ಕಚೇರಿಯ ಕಾರ್ಪೆಟ್ಟಿನ ಮೇಲೆ ಕೋಟನ್ನೇ ಹೊದ್ದು ಮಲಗಿದೆ. ಇದೇ ಊರಿನಲ್ಲಿ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬರು ಮಾತ್ರ ತಮ್ಮ ಕಾರಿನ ಡಿಕ್ಕಿಯಿಂದ ಎರಡು ಕಂಬಳಿ, ಟಾರ್ಚು, ಬಿಸ್ಕತ್ತಿನ ಡಬ್ಬಿ ತಂದು, ಒಂದು ಕಂಬಳಿಯನ್ನು ನನಗೆ ಕೊಟ್ಟು, ಏನೂ ಆಗಿಲ್ಲವೆಂಬಂತೆ ನಿದ್ದೆ ಹೋದರು. ಈ ಊರಿನವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಂದು. ಈಗ ನನ್ನ ಡಿಕ್ಕಿಯಲ್ಲೂ ಎರಡು ಕಂಬಳಿಗಳಿವೆ.

ದಿನಸಿಯ ವಿಷಯವನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕಿ, ಬೇಳೆ, ಉಪ್ಪಿನಕಾಯಿ, ಚಟ್ನಿಪುಡಿ ಇರುವ ಮನೆ ಒಂದು ವಾರ ಉಪವಾಸ ಬೀಳುವುದಿಲ್ಲ. ಒಲೆ ಹಚ್ಚದೆ ತಿನ್ನಬಹುದಾದ ಅವಲಕ್ಕಿ, ಹಣ್ಣು, ಬ್ರೆಡ್ಡು ಸ್ವಲ್ಪ ಇರಲಿ. ಹಾಲು, ಮೊಟ್ಟೆ ಬುಧವಾರ ಸಂಜೆಗೇ ಅಂಗಡಿಗಳಲ್ಲಿ ಖಾಲಿಯಾಗಿರುತ್ತವೆ, ಆದ್ದರಿಂದ ನಾಳೆಯೇ ತನ್ನಿ. ಪತ್ನಿಯ ಮಾತ್ರೆಗಳು ಎರಡು ವಾರಕ್ಕಾಗುವಷ್ಟು ಇವೆಯೇ ನೋಡಿಕೊಳ್ಳಿ. ಅಷ್ಟು ಸಾಕು.

ಕರೆಂಟಿನದು ಅಷ್ಟು ಸರಳವಲ್ಲ. 2006ರ ಅಕ್ಟೋಬರ್ ಎರಡನೆಯ ವಾರದಲ್ಲಿ, ಮರಗಳಲ್ಲಿ ಎಲೆ ಇನ್ನೂ ಉದುರದೆ ಇದ್ದಾಗ, ಒದ್ದೆ ಹಿಮ ಬಿದ್ದು, ಎಲೆಗಳ ಮೇಲೆ ಕೂತ ಆ ಭಾರಕ್ಕೆ ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದವು. ಲಕ್ಷಾಂತರ ಮನೆಗಳು ಕತ್ತಲಾದವು, ಎಷ್ಟೋ ಮನೆಗಳಿಗೆ ವಾರ ಕಳೆದ ಮೇಲೂ ಕರೆಂಟು ಬರಲಿಲ್ಲ. ಮನೆ ಬೆಚ್ಚಗಾಗುವುದು ಗ್ಯಾಸಿನಿಂದ ತಾನೇ ಎಂದು ಅಂದು ನಾವೆಲ್ಲ ಸಮಾಧಾನ ಮಾಡಿಕೊಂಡಿದ್ದೆವು. ಆದರೆ ಮನೆ ಬಿಸಿಮಾಡುವ ಫರ್ನೇಸಿನಲ್ಲಿ ಉರಿಯುವುದು ಗ್ಯಾಸಾದರೂ ಆ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಫ್ಯಾನು ಓಡುವುದು ಕರೆಂಟಿನಿಂದ. ಅದಿಲ್ಲದಿದ್ದರೆ ಫರ್ನೇಸೇ ಹೊತ್ತಿಕೊಳ್ಳುವುದಿಲ್ಲ. ಹಾಗಾದಾಗ ಒಂದೇ ಕೋಣೆ ಆರಿಸಿಕೊಂಡು, ಬಾಗಿಲ ಸಂದಿಗೆ ಟವೆಲ್ ಒತ್ತಿ, ಎಲ್ಲರೂ ಅಲ್ಲೇ ಇರಬೇಕು. ನಲ್ಲಿಗಳಲ್ಲಿ ಸಣ್ಣಗೆ ನೀರು ಹರಿಯಲು ಬಿಟ್ಟರೆ ಪೈಪು ಹೆಪ್ಪುಗಟ್ಟುವ ಸಂಭವ ಕಡಿಮೆ. ಮನೆಗೆ ನೀರು ಬರುವ ಮುಖ್ಯ ವಾಲ್ವ್ ಎಲ್ಲಿದೆಯೆಂದು ಇಂದೇ ಮಾಲೀಕರನ್ನು ಕೇಳಿಟ್ಟುಕೊಳ್ಳಿ. ಮಲೆನಾಡಿನವರಾದ ನಮಗೆ ಚಳಿಯೆಂದರೆ ಅಗ್ಗಿಷ್ಟಿಕೆ ನೆನಪಾಗುತ್ತದೆ. ಇಲ್ಲಿಯ ಮನೆಗಳಿಗೆ ಗಾಳಿಯಾಡುವ ಹೆಂಚಿನ ಮಾಡು ಇಲ್ಲ; ಮುಚ್ಚಿದ ಮನೆಯೊಳಗೆ ಇದ್ದಿಲು ಉರಿಸಿದರೆ, ಗ್ಯಾರೇಜಿನಲ್ಲಿ ಜನರೇಟರ್ ಓಡಿಸಿದರೆ, ಕಾರ್ಬನ್ ಮಾನಾಕ್ಸೈಡ್ ತುಂಬಿ ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಎಚ್ಚರಿಸುವ ಅಲಾರಾಂ ಗೋಡೆಯ ಮೇಲಿದೆಯೇ, ಅದರಲ್ಲಿ ಬ್ಯಾಟರಿ ಇದೆಯೇ ನೋಡಿ.

ಇನ್ನೊಂದು, ಹೊಸಬರು ಯಾರೂ ಗಮನಿಸದ ವಿಷಯ. ನಿಮ್ಮ ಮನೆಯ ಪಕ್ಕದ ಗೋಡೆಯಿಂದ, ನೆಲಕ್ಕೆ ಸ್ವಲ್ಪವೇ ಮೇಲೆ, ಎರಡು ಬಿಳಿ ಪ್ಲಾಸ್ಟಿಕ್ ಕೊಳವೆಗಳು ಹೊರಚಾಚಿರಬಹುದು. ಫರ್ನೇಸು ಗಾಳಿ ಎಳೆದುಕೊಳ್ಳುವುದು ಒಂದರಿಂದ, ಹೊಗೆ ಬಿಡುವುದು ಇನ್ನೊಂದರಿಂದ. ಗಾಳಿಗೆ ಗುಡ್ಡೆಯಾದ ಹಿಮ ಅವುಗಳ ಬಾಯಿ ಮುಚ್ಚಿದರೆ ಒಂದೋ ಫರ್ನೇಸು ತಾನಾಗಿ ನಿಂತುಹೋಗುತ್ತದೆ, ಇಲ್ಲವೇ ವಿಷದ ಗಾಳಿ ಒಳಗೆ ಬರುತ್ತದೆ. ಇಂದೇ, ನೆಲ ಕಾಣುತ್ತಿರುವಾಗಲೇ, ಅವು ಎಲ್ಲಿವೆ ಎಂದು ನೋಡಿಟ್ಟುಕೊಂಡು, ಪಕ್ಕದಲ್ಲೊಂದು ಉದ್ದ ಕೋಲು ನೆಟ್ಟು ಅದರ ತುದಿಗೆ ಬಣ್ಣದ ಬಟ್ಟೆ ಕಟ್ಟಿ. ಹಿಮ ಬೀಳುತ್ತಿರುವಾಗ ಗಾಳಿ ಕಡಿಮೆಯಾದ ಹೊತ್ತು ನೋಡಿ, ಮನೆಯ ಗೋಡೆ ಹಿಡಿದುಕೊಂಡೇ ಹೋಗಿ, ಪೊರಕೆಯಿಂದ ಬಾಯಿ ಬಿಡಿಸಿ ಬನ್ನಿ. ಸಲಿಕೆ ಹಾಕಿದರೆ ಕೊಳವೆ ಒಡೆಯುತ್ತದೆ.

ಈಗ ನ್ಯೂಯಾರ್ಕಿನ ವಿಷಯ. ‘ಬಫಲೋದಲ್ಲಿ ನಾಲ್ಕು ಅಡಿ’ ಎಂದು ಕೇಳಿದಾಗ ನಿಮ್ಮ ಮನೆಯ ಮುಂದೆ ನಾಲ್ಕು ಅಡಿ ಎಂದು ತಿಳಿಯಬೇಡಿ. ನಮ್ಮ ಊರಿನ ಪಕ್ಕದ ಈರಿ ಸರೋವರ ಇನ್ನೂ ಹೆಪ್ಪುಗಟ್ಟಿಲ್ಲ. ಅದರ ಉದ್ದಕ್ಕೂ ಬೀಸಿಬರುವ ಚಳಿಗಾಳಿ ಬೆಚ್ಚಗಿನ ನೀರಿನಿಂದ ತೇವ ಹೀರಿಕೊಂಡು ದಂಡೆ ದಾಟಿದೊಡನೆ ಕಿರಿದಾದ ಪಟ್ಟಿಯೊಂದರಲ್ಲಿ ಸುರಿದುಬಿಡುತ್ತದೆ. 2014ರ ನವೆಂಬರಿನಲ್ಲಿ ದಕ್ಷಿಣದ ಊರುಗಳಲ್ಲಿ ಐದು ಅಡಿಗೂ ಮಿಕ್ಕಿ ಬಿದ್ದಾಗ ನಮ್ಮ ಉತ್ತರದ ಕಡೆ ಬಿದ್ದದ್ದು ಕೆಲವೇ ಇಂಚು. ನಾವು ಬಿಸಿಲಿನಲ್ಲಿ ನಿಂತು ದಕ್ಷಿಣದ ಆಕಾಶದಲ್ಲಿ ಬಿಳಿ ಗೋಡೆ ಎದ್ದಿರುವುದನ್ನು ನೋಡುತ್ತಿದ್ದೆವು. ಆದರೆ ನ್ಯೂಯಾರ್ಕಿಗೆ ಹೋಗುವ ಹೆದ್ದಾರಿ ಆ ಗೋಡೆಯೊಳಗೇ ಹಾದುಹೋಗಬಹುದು. ಅದೇ ಸಲ ಥ್ರೂವೇ ಎಂಬ ಹೆದ್ದಾರಿಯಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಹೂತುಹೋಗಿ, ಒಳಗಿದ್ದವರು ಒಂದು ದಿನಕ್ಕೂ ಮಿಕ್ಕಿ ಅಲ್ಲೇ ಕಳೆದರು. ಬಿಸಿಲಿನಲ್ಲಿ ಮನೆಯಿಂದ ಹೊರಟವನಿಗೆ ಅರ್ಧ ಗಂಟೆಯ ದಾರಿಯಲ್ಲಿ ಏನಿದೆಯೆಂಬುದು ತಿಳಿಯುವುದಿಲ್ಲ.

ಅದಕ್ಕಿಂತ ಭೀಕರವಾದದ್ದು 2022ರ ಕ್ರಿಸ್‌ಮಸ್‌ನದು. ಹವಾಮಾನ ಇಲಾಖೆಯವರು ದಿನಗಳ ಮೊದಲೇ ಎಚ್ಚರಿಸಿದ್ದರು. ಡಿಸೆಂಬರ್ 23ರ ಶುಕ್ರವಾರ ಬೆಳಿಗ್ಗೆ 9:30ಕ್ಕೆ ಜಿಲ್ಲೆಯಲ್ಲಿ ವಾಹನ ಸಂಚಾರ ನಿಷೇಧಿಸುವ ಹೊತ್ತಿಗೆ ಎಷ್ಟೋ ಜನ ಕೆಲಸಕ್ಕೆ ಹೊರಟಾಗಿತ್ತು. ಕೆಲವೇ ಗಂಟೆಗಳಲ್ಲಿ ಮಳೆ ಹಿಮವಾಗಿ, ಗಂಟೆಗೆ 110 ಕಿಲೋಮೀಟರ್ ಮೀರಿದ ಗಾಳಿ ಎದ್ದು, ವಿಮಾನ ನಿಲ್ದಾಣದ ಲೆಕ್ಕದಂತೆ 37 ಗಂಟೆ ಬಿಡದೆ ಹಿಮಗಾಳಿ ಬೀಸಿತು. ನಾಲ್ಕು ಅಡಿಗೂ ಹೆಚ್ಚು ಬಿದ್ದಿತು, ಆದರೆ ಕೊಂದದ್ದು ಹಿಮದ ಎತ್ತರವಲ್ಲ, ಏನೂ ಕಾಣಿಸದಿದ್ದುದು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಕೆಲವರು ಕಾರಿನೊಳಗೇ, ಕೆಲವರು ಬೀದಿಯಲ್ಲಿ ನಡೆಯುತ್ತಾ, ಕೆಲವರು ಬಿಸಿಯಿಲ್ಲದ ಮನೆಯೊಳಗೆ, ಇನ್ನು ಕೆಲವರು ಹಿಮ ತೆಗೆಯುತ್ತಿದ್ದಾಗ ಹೃದಯ ನಿಂತು. ರಕ್ಷಿಸಲು ಹೊರಟ ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳೇ ಸಿಕ್ಕಿಬಿದ್ದವು. ಆಂಬುಲೆನ್ಸ್ ಬಾರದೆ, ತಿಳಿದವರು ವಿಡಿಯೋ ಕರೆಯಲ್ಲಿ ಹೇಳಿಕೊಟ್ಟಂತೆ, ಒಬ್ಬ ತಾಯಿಗೆ ಮನೆಯಲ್ಲೇ ಹೆರಿಗೆಯಾಯಿತು. ಹೆದರಿಸಲು ಹೇಳುತ್ತಿಲ್ಲ, ಅಂದು ಆ ಮನೆಯಲ್ಲಿ ಜೊತೆಗೊಬ್ಬರಿದ್ದರು ಎಂಬುದನ್ನು ನೀವು ಗಮನಿಸಬೇಕು. ನೀವು ನ್ಯೂಯಾರ್ಕಿಗೆ ಹೊರಟರೆ ನಿಮ್ಮ ಮನೆಯಲ್ಲಿ ಎಂಟು ತಿಂಗಳ ಬಸುರಿ ಒಬ್ಬರೇ ಉಳಿಯುತ್ತಾರೆ.

2022ರ ಅದೇ ವಾರಾಂತ್ಯದಲ್ಲಿ ಸಾಗರದಲ್ಲಿ ನನ್ನ ತಂದೆ ತೀರಿಕೊಂಡರು. ತಮ್ಮನ ಫೋನು ಬಂದಾಗ ಇಲ್ಲಿ ನಡುರಾತ್ರಿ. ನಿಲ್ದಾಣ ಮುಚ್ಚಿತ್ತು, ಅದು ತೆರೆದದ್ದು 28ರಂದು. ಹೇಗಾದರೂ ನ್ಯೂಯಾರ್ಕ್ ತಲುಪಿದರೆ ಅಲ್ಲಿಂದ ವಿಮಾನ ಸಿಕ್ಕೀತು ಎಂದು, ಈಗ ನೀವು ಹಾಕುತ್ತಿರುವ ಲೆಕ್ಕವನ್ನೇ ಹಾಕಿ, ಚೀಲ ತುಂಬಿ, ಬೂಟು ಹಾಕಿಕೊಂಡು ಗ್ಯಾರೇಜಿಗೆ ಹೋಗಿ ಬಾಗಿಲಿನ ಗುಂಡಿ ಒತ್ತಿದೆ. ಬಾಗಿಲು ಮೇಲೆದ್ದಿತು, ಅದರ ಹಿಂದೆ ಎದೆಮಟ್ಟದ ಹಿಮ ಹಾಗೆಯೇ ನಿಂತಿತ್ತು. ಬಾಗಿಲಿನ ಚೌಕಗಳು, ನಡುವಿನ ಹಿಡಿಕೆ ಸಮೇತ ಅದರಲ್ಲಿ ಅಚ್ಚಾಗಿದ್ದವು. ಅದರ ಮೇಲಿಂದ ಒಳನುಗ್ಗಿದ ಗಾಳಿಗೆ ಕಣ್ಣು ಬಿಡಲಾಗಲಿಲ್ಲ. ಹೆಂಡತಿ ಏನೂ ಹೇಳದೆ ಮತ್ತೆ ಗುಂಡಿ ಒತ್ತಿ ಬಾಗಿಲು ಇಳಿಸಿದಳು. ಬೆಂಕಿ ಕೊಟ್ಟವನು ತಮ್ಮ. ಹಿರಿಯ ಮಗನಾದ ನಾನು ಫೋನಿನ ಪರದೆಯಲ್ಲಿ ನೋಡಿದೆ.

ಹದಿಮೂರನೆಯ ದಿನದ ಕಾರ್ಯಕ್ಕೆ ಊರು ತಲುಪಿದಾಗ ನನ್ನ ಸೋದರತ್ತೆ, ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯದೆ ಕೇಳಿದರು: ‘ಅಲ್ವೋ, ನಮ್ಮಲ್ಲಿ ಜಡಿಮಳೆ ಅಂತ ಯಾರಾದರೂ ಇಂಥದ್ದಕ್ಕೆ ಹೋಗದೆ ಇರ್ತಾರೇನೋ?’ ಅವರಿಗೆ ಏನು ಹೇಳುವುದೆಂದು ನನಗೆ ಅಂದೂ ಹೊಳೆಯಲಿಲ್ಲ, ಇಂದೂ ಹೊಳೆದಿಲ್ಲ. ಹೊರಡದೆ ಇದ್ದದ್ದು ಸರಿಯಾಗಿತ್ತು. ಆ ರಾತ್ರಿ ಹೊರಟಿದ್ದವರಲ್ಲಿ ಕೆಲವರು ಎಲ್ಲಿ ಸಿಕ್ಕಿದರೆಂಬುದನ್ನು ನಾನು ಆಮೇಲೆ ಪತ್ರಿಕೆಯಲ್ಲಿ ಓದಿದ್ದೇನೆ. ಸರಿಯಾಗಿತ್ತೆಂದು ತಿಳಿದಿರುವುದರಿಂದ ಆ ನೋವು ಕಡಿಮೆಯಾಗಿದೆಯೆಂದು ಮಾತ್ರ ಹೇಳಲಾರೆ. ನಮ್ಮಲ್ಲಿ ಬಂದವರನ್ನು ನಿಲ್ದಾಣಕ್ಕೆ ಹೋಗಿ ಕರೆತರದಿದ್ದರೆ ಮರ್ಯಾದೆಯಲ್ಲ, ಅದರಲ್ಲೂ ಅಳಿಯ ಹೋಗದಿದ್ದರೆ ಮಾತು ಬರುತ್ತದೆ. ನಿಮ್ಮ ಮೇಲೂ ಬರಬಹುದು. ಬರಲಿ ಬಿಡಿ.

ಹಾಗಾದರೆ ಮಾಡಬೇಕಾದದ್ದೇನು? ಇಂಥ ದೊಡ್ಡ ಗಾಳಿಯ ಮುನ್ಸೂಚನೆ ಇದ್ದಾಗ ಬಹಳಷ್ಟು ವಿಮಾನ ಕಂಪನಿಗಳು ದಂಡವಿಲ್ಲದೆ ದಿನಾಂಕ ಬದಲಿಸಿಕೊಡುತ್ತವೆ, ಅದಕ್ಕೆ ವಿಮಾನ ರದ್ದಾಗುವವರೆಗೆ ಕಾಯಬೇಕಾಗಿಲ್ಲ. ಎಲ್ಲರೂ ಕರೆ ಮಾಡುವ ಮೊದಲು ನೀವು ಮಾಡಿ. ಬೆಂಗಳೂರಿನಿಂದ ಹೊರಡುವುದನ್ನೇ ನಾಲ್ಕು ದಿನ ಮುಂದಕ್ಕೆ ಹಾಕಲು ಸಾಧ್ಯವಾದರೆ ಅದೇ ಒಳ್ಳೆಯದು. ಸಾಧ್ಯವಾಗದಿದ್ದರೆ ನ್ಯೂಯಾರ್ಕಿಗೆ ಹತ್ತಿರದ ನ್ಯೂಜೆರ್ಸಿಯ ಎಡಿಸನ್ ಕಡೆ ನಿಮ್ಮ ಪರಿಚಯದವರು ಯಾರಾದರೂ ಇರುತ್ತಾರೆ. ಅತ್ತೆ ಮಾವನನ್ನು ನಿಲ್ದಾಣದಿಂದ ಕರೆದೊಯ್ದು ಕೆಲವು ದಿನ ಇರಿಸಿಕೊಳ್ಳಲು ಸಂಕೋಚಪಡದೆ ಕೇಳಿ, ನಮ್ಮವರು ಇಂಥದ್ದಕ್ಕೆ ಇಲ್ಲ ಎನ್ನುವುದಿಲ್ಲ. ನಾಳೆ ಪತ್ನಿಯ ವೈದ್ಯರಿಗೂ ಕರೆ ಮಾಡಿ, ಗುರುವಾರ ಸಂಜೆಯೇ ಆಸ್ಪತ್ರೆಯ ಸಮೀಪ ಹೋಟೆಲಿನಲ್ಲಿ ಇರುವುದು ಒಳಿತೇ ಎಂದು ವಿಚಾರಿಸಿ. ಯಾವ ಕಾರಣಕ್ಕಾದರೂ ಕಾರಿನಲ್ಲೇ ಸಿಕ್ಕಿಕೊಂಡರೆ ಇಳಿದು ನಡೆಯಬೇಡಿ. ಹೊಗೆಕೊಳವೆಯ ಸುತ್ತಲಿನ ಹಿಮ ತೆಗೆದು, ಆಗಾಗ ಸ್ವಲ್ಪ ಹೊತ್ತು ಮಾತ್ರ ಎಂಜಿನ್ ಓಡಿಸಿ, ಕಿಟಕಿ ಒಂದು ಬೆರಳಿನಷ್ಟು ತೆರೆದಿಟ್ಟು ಅಲ್ಲೇ ಕಾಯಿರಿ. ಮುಂದೆ ನಿಮ್ಮ ಮಾವ ಬಂದ ಮೇಲೆ, ಅಳಿಯ ಹಿಮ ತೆಗೆಯುವುದನ್ನು ನೋಡುತ್ತಾ ಕೂರಲಾರದೆ ಸಲಿಕೆ ಕಸಿದುಕೊಳ್ಳಲು ಬರುತ್ತಾರೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ಖಂಡಿತ ಕೊಡಬೇಡಿ.

ಅವರು ಹೊರಡುವುದೇ ಆದರೆ ಮಾತ್ರೆಗಳನ್ನು, ವೈದ್ಯರ ಚೀಟಿಯನ್ನು, ಒಂದೊಂದು ಸ್ವೆಟರನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲು ಹೇಳಿ, ಏಕೆಂದರೆ ದೊಡ್ಡ ಪೆಟ್ಟಿಗೆಗಳು ಎಲ್ಲಿ ಎಷ್ಟು ದಿನ ಉಳಿಯುತ್ತವೆಯೋ ಹೇಳಲಾಗದು. ನ್ಯೂಯಾರ್ಕಿನಲ್ಲಿ ಯಾರು ಬರುತ್ತಾರೆ, ಅವರ ಫೋನು ಸಂಖ್ಯೆ ಏನು, ನೀವು ಏಕೆ ಬರುವುದಿಲ್ಲ ಎಂಬುದನ್ನು ಕಾಗದದ ಮೇಲೆ ಬರೆಸಿ, ವಿಮಾನ ಹತ್ತುವ ಮೊದಲೇ ಬಿಡಿಸಿ ತಿಳಿಸಿ. ಶಿವಮೊಗ್ಗದಲ್ಲಿ ಈಗ ಬೆಳಗಾಗಿರುತ್ತದೆ, ಇದನ್ನು ಓದಿದ ತಕ್ಷಣ ಫೋನು ಮಾಡಿ.